ಹೊಂಡದ ದುಂಡವ್ವನೂ ಮಗಳ ಕೊಡವೂ

೧೯೬೬ನೇ ಇಸವಿ, ಆಗಸ್ಟ್ ೧೪, ಭಾನುವಾರ. ನನ್ನ ಡೈರಿಯಲ್ಲಿ ಆ ದಿನದ ಕೆಳಗೆ ಇರುವುದು ಇಷ್ಟೇ: "ಅಸಲಿ ಮಳೆಯ ನಕ್ಷತ್ರ ಮುಗಿಯುತ್ತ ಬಂತು, ಹನಿ ಇಲ್ಲ. ಹೊಂಡದ ಕೆಳಗಿನ ಮೆಟ್ಟಿಲು ಕಾಣುತ್ತಿದೆ. ಇವತ್ತಿನಿಂದ ಒಲೆಗೊಂದು ಕೊಡ. ಅತ್ತೆಯವರು ದುಂಡವ್ವನ ಹೆಸರು ಹೇಳಿ ಬಡಿಗೆ ಹಿಡಿದರು."

ನಾನು ಆಗ ಈ ಊರಿಗೆ ಸೊಸೆಯಾಗಿ ಬಂದು ಎರಡನೆಯ ವರ್ಷ. ಧಾರವಾಡದಲ್ಲಿ ಬಿ.ಎ. ಮುಗಿಸಿ ಬಂದವಳು. ಮಳೆ ಬಂದ ದಿನ, ಬಾರದ ದಿನ ಎರಡನ್ನೂ ಬರೆದಿಡುವ ರೂಢಿ ತವರಿನಿಂದ ತಂದದ್ದು. ಯಾರು ಈ ದುಂಡವ್ವ ಎಂದು ಕೇಳಿದಾಗ ಅತ್ತೆಯವರು, "ಅಷ್ಟು ಬುಕ್ಕ ಓದೀದಿ, ದುಂಡವ್ವನ್ನ ಓದಿಲ್ಲೇನ?" ಎಂದು ನಕ್ಕರು. ನೀರು ಹಂಚಿ ಮುಗಿದ ಮೇಲೆ ಹೊಂಡದ ಕಟ್ಟೆಯ ಬೇವಿನ ನೆರಳಲ್ಲಿ ಕೂತು ಹೇಳಿದರು. ಅವರ ಬಾಯಿಂದ ಕೇಳಿದ ಮೇಲೆ ಇನ್ನೂ ಎಷ್ಟೋ ಬಾಯಿಂದ ಕೇಳಿದ್ದೇನೆ. ಕೇಳಿದ್ದನ್ನೆಲ್ಲ ಬರೆದಿಟ್ಟಿದ್ದೇನೆ. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಕೂಡದ ಕಡೆ ಎರಡನ್ನೂ ಹೇಳುತ್ತೇನೆ. ಕೂತು ಕೇಳಿ.

ಯಾವ ಕಾಲದ್ದೋ ಯಾರಿಗೂ ತಿಳಿಯದು. ಅಜ್ಜಿಯ ಅಜ್ಜಿಯೂ ಅದನ್ನು ಹಳೆಯ ಮಾತು ಅಂತಲೇ ಕೇಳಿದ್ದಳಂತೆ. ಒಂದು ಊರಿತ್ತು. ಸುತ್ತ ಕಣ್ಣು ಹೋದಷ್ಟು ದೂರ ಎರೆಭೂಮಿ. ಮಳೆ ಬಂದರೆ ಕಾಲು ಕಚ್ಚಿ ಹಿಡಿಯುವ ಮಣ್ಣು, ಬಾರದಿದ್ದರೆ ಕೈ ಹೋಗುವಷ್ಟು ಬಾಯಿ ಬಿಡುವ ಮಣ್ಣು. ಆ ಊರಿನಲ್ಲಿ ಎಲ್ಲಿ ಬಾವಿ ತೋಡಿದರೂ ಸವಳು ನೀರು. ಆ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ, ರೊಟ್ಟಿಯ ಹಿಟ್ಟು ಹದಕ್ಕೆ ಬರುತ್ತಿರಲಿಲ್ಲ, ಕುಡಿದರೆ ಬಾಯಾರಿಕೆ ಇನ್ನೂ ಹೆಚ್ಚಾಗುತ್ತಿತ್ತು. ಹಾಗಾಗಿ ಹಿರಿಯರು ಊರ ಬಡಗಣಕ್ಕೆ ದೊಡ್ಡ ಹೊಂಡ ತೋಡಿ, ನಾಲ್ಕೂ ಕಡೆ ಕಲ್ಲಿನ ಮೆಟ್ಟಿಲು ಕಟ್ಟಿಸಿದರು. ಗೋಮಾಳದ ಮೇಲೆ ಬಿದ್ದ ಮಳೆಯೆಲ್ಲ ಕಾಲುವೆ ಹಿಡಿದು ಬಂದು ಅಲ್ಲಿ ನಿಲ್ಲಬೇಕು. ಅದೇ ಸಿಹಿನೀರು, ವರುಷವೆಲ್ಲ ಅದೇ. ಮೆಟ್ಟಿಲ ಮೇಲೆ ಚಪ್ಪಲಿ ಇಲ್ಲ, ದನ ಇಲ್ಲ, ಬಟ್ಟೆ ಒಗೆಯುವುದಿಲ್ಲ. ಕೊಡದ ಬಾಯಿಗೆ ಬಿಳಿ ಅರಿವೆ ಕಟ್ಟಿ ಸೋಸಿ ಒಯ್ಯಬೇಕು. ಇವತ್ತಿಗೂ ಹಾಗೆಯೇ.

ಹೊಂಡ ಇದ್ದ ಮೇಲೆ ಅದಕ್ಕೊಬ್ಬ ಕಾವಲುಗಾರ ಬೇಕಲ್ಲ. ಮೊದಮೊದಲು ಗಂಡಸರನ್ನೇ ಇಟ್ಟರಂತೆ. ಹೆಂಗಸರು ಮಾತಿಗೆ ಎಳೆದು, ನಗಿಸಿ, ಮಾವಾ ಅಂದು ಒಂದು ಕೊಡ, ಅಣ್ಣಾ ಅಂದು ಒಂದು ಕೊಡ ಒಯ್ಯುತ್ತಿದ್ದರಂತೆ. ಒಬ್ಬ ಕಾವಲುಗಾರನಂತೂ ಕೊನೆಗೆ ತಾನೇ ಕೊಡ ಎತ್ತಿ ಅವರ ತಲೆಗಿಡತೊಡಗಿದನಂತೆ. ಆಗ ಹಿರಿಯರು ಯೋಚಿಸಿ ದುಂಡವ್ವನನ್ನು ನಿಲ್ಲಿಸಿದರು.

ದುಂಡವ್ವ ಗಂಡ ಸತ್ತವಳು. ಒಬ್ಬಳೇ ಮಗಳು, ಬಾಳವ್ವ. ದುಂಡವ್ವ ಹೇಗಿದ್ದಳು ಎಂದು ಕೇಳಿದರೆ ಜೋಳದ ದಂಟಿನ ಹಾಗೆ ತೆಳ್ಳಗೆ, ಉದ್ದಕ್ಕೆ ಇದ್ದಳು ಅನ್ನುತ್ತಾರೆ. ಅವಳು ನಕ್ಕಿದ್ದನ್ನು ಕಂಡವರಿಲ್ಲ ಅನ್ನುತ್ತಾರೆ. ಕೈಯಲ್ಲಿ ಬಿದಿರಿನ ಬಡಿಗೆ. ತುಂಬಿದ ಕೊಡದ ಕಂಠಕ್ಕೆ ಬಡಿಗೆ ತಾಗಿಸಿದರೆ ಆ ಮನೆಯದು ಆಯಿತು ಅಂತ ಲೆಕ್ಕ. ಟಣ್ ಅಂದ ಸದ್ದಿನಿಂದಲೇ ಯಾವ ಮನೆಯ ಕೊಡ ಎಂದು ಹೇಳುತ್ತಿದ್ದಳಂತೆ. ಗಾಳಿಯಲ್ಲಿ ಮಳೆಯ ವಾಸನೆ ಹಿಡಿಯುತ್ತಿದ್ದಳಂತೆ. ಹೊಂಡದ ನೀರಿನಲ್ಲಿ ಅವಳ ನೆರಳು ಮಾತ್ರ ಬೀಳುತ್ತಿರಲಿಲ್ಲವಂತೆ. ಅವಳು ಸತ್ತ ಮೇಲೆ ಆ ಬಡಿಗೆಯನ್ನು ಕಟ್ಟೆಯ ಮೇಲೆ ನೆಟ್ಟರೆ ಅದು ಚಿಗುರಿ ಬೇವಿನ ಮರವಾಯಿತಂತೆ. ಬಿದಿರು ಬೇವಾಗುವುದಿಲ್ಲ ಎಂದು ನಾನು ಒಮ್ಮೆ ಬಾಯಿ ಬಿಟ್ಟು ಹೇಳಿದೆ. "ನಿಮ್ಮ ಕಾಲೇಜಿನಾಗ ಆಗೂದಿಲ್ಲಾ, ನಮ್ಮ ಊರಾಗ ಆಗತೈತಿ" ಎಂದರು ಅತ್ತೆಯವರು.

ಮಳೆ ಸರಿಯಾಗಿ ಬಂದ ವರ್ಷ ದುಂಡವ್ವನಿಗೆ ಕೆಲಸವೇ ಇರುತ್ತಿರಲಿಲ್ಲ. ಬೇಕಾದವರು ಬೇಕಾದಷ್ಟು ಒಯ್ಯುತ್ತಿದ್ದರು. ಮಳೆ ತಪ್ಪಿ ಕೆಳಗಿನ ಮೆಟ್ಟಿಲು ಕಂಡಿತೆಂದರೆ ಅವಳು ಬಡಿಗೆ ತೆಗೆಯುತ್ತಿದ್ದಳು. ಆಗ ಒಂದೇ ಕಟ್ಟಳೆ, ಒಂದು ಒಲೆಗೆ ಒಂದು ಕೊಡ. ತಲೆ ಎಣಿಸುವುದಿಲ್ಲ. ತಲೆ ಎಣಿಸಿದರೆ ಜನ ಸುಳ್ಳು ಹೇಳುತ್ತಾರೆ, ಅಳಿಯ ಬಂದಾನೆ, ಬೀಗರು ಬಂದಾರೆ ಅನ್ನುತ್ತಾರೆ. ಒಲೆಗೆ ಸುಳ್ಳು ಗೊತ್ತಿಲ್ಲ, ಹೊಗೆ ಬಿಟ್ಟೇ ಬಿಡುತ್ತದೆ. ನಸುಕಿನಲ್ಲಿ ದುಂಡವ್ವ ಕಟ್ಟೆಯ ಮೇಲೆ ನಿಂತು ಊರ ಕಡೆ ನೋಡುತ್ತಿದ್ದಳು. ಯಾರ ಮನೆಯ ಹೊಗೆ ಎದ್ದಿತು, ಯಾರದು ಏಳಲಿಲ್ಲ ಎಂದು ಅವಳಿಗೆ ತಿಳಿಯುತ್ತಿತ್ತು. ಹೊಗೆ ಏಳದ ಮನೆಗೆ ತಾನೇ ಹೋಗಿ ಯಾಕೆಂದು ವಿಚಾರಿಸುತ್ತಿದ್ದಳಂತೆ. ಅದನ್ನು ಮರೆಯಬಾರದು.

ಒಂದು ಸಲ ಅಣ್ಣ ತಮ್ಮ ಇಬ್ಬರು ಬಂದು ತಾವು ಬೇರೆ ಆಗಿದ್ದೇವೆ, ಎರಡು ಒಲೆ ಆಗಿವೆ, ಎರಡು ಕೊಡ ಬೇಕು ಎಂದರು. ದುಂಡವ್ವ ಅವರ ಮನೆಗೆ ನಡೆದಳು. ಹೊಸ ಒಲೆಯ ಮುಂದೆ ಕೂತು ಬೂದಿಯೊಳಗೆ ಕೈ ಇಟ್ಟಳು.

"ಒಲಿ ತಣ್ಣಗೈತಲ್ಲೋ ತಮ್ಮಾ. ಬ್ಯಾರಿ ಆದ ಸಿಟ್ಟಿಗೆ ನಿನ್ನಿ ಉಂಡೇ ಇಲ್ಲೇನ?" ಎಂದಳಂತೆ.

ತಮ್ಮನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕುಬಿಟ್ಟಳಂತೆ. ಅಲ್ಲಿಗೆ ಅಣ್ಣ ತಮ್ಮ ಮತ್ತೆ ಒಂದಾದರು.

ಇನ್ನೊಂದು ಸಲ ಗೌಡರ ಮನೆಯಿಂದ ಆಳು ಕೊಡ ತರಲಿಲ್ಲ, ತಾಮ್ರದ ಹಂಡೆ ಹೊತ್ತು ತಂದ. ದುಂಡವ್ವ ಹಂಡೆಗೆ ಬಡಿಗೆ ಅಡ್ಡ ಹಿಡಿದಳು. ಗೌಡಸಾನಿ ಮೇನೆ ಬಿಟ್ಟು ನಡೆದೇ ಬಂದಳು.

"ಯಾರ ಮನಿ ಹಂಡೆ ಅಂತ ಗೊತ್ತೈತೇನ ನಿನಗ?"

"ಗೊತ್ತೈತ್ರಿ ಅವ್ವಾರ. ಹಂಡೆ ನಿಮ್ಮದು, ಹೊಂಡ ಊರದು. ಗೌಡರ ಒಲಿನೂ ಒಂದ ಒಲಿ."

ಹಂಡೆ ಖಾಲಿಯೇ ಹೋಯಿತು, ಕೊಡ ಬಂತು. ಗೌಡಸಾನಿ ಬಹಳ ದಿನ ದುಂಡವ್ವನ ಮುಖ ನೋಡಲಿಲ್ಲವಂತೆ. ಆದರೆ ಅವತ್ತಿನಿಂದ ಊರಿನಲ್ಲಿ ಯಾರೂ ಎರಡನೆಯ ಕೊಡ ಕೇಳಲಿಲ್ಲ. ಕೊಟ್ಟರೆ ಎಲ್ಲರಿಗೂ ಅಷ್ಟೇ, ಬಿಟ್ಟರೆ ಎಲ್ಲರಿಗೂ ಅಷ್ಟೇ ಎಂಬ ನಂಬಿಕೆ ಬಂತು. ಆ ನಂಬಿಕೆ ಇದ್ದಷ್ಟು ದಿನ ಹೊಂಡದಲ್ಲಿ ನೀರಿತ್ತು ಅನ್ನುತ್ತಾರೆ.

ಹೀಗಿರುವಾಗ ಬರ ಬಂತು.

ಒಂದು ವರ್ಷ ಹಿಂಗಾರು ಕೈಕೊಟ್ಟಿತು. ಮುಂದಿನ ವರ್ಷ ಮುಂಗಾರೂ ಬರಲಿಲ್ಲ. ಮಿರಗದ ಮಳೆ ಹೋಯಿತು, ಧೂಳು ಎದ್ದಿತು. ಆರಿದ್ರಾ ಹೋಯಿತು, ಮೋಡ ಬಂದು ನೋಡಿ ಹೋದವು. ಹೊಲಕ್ಕೆ ಹೋದವರು ಬಿತ್ತನೆಯ ಬೀಜವನ್ನು ಹಾಗೆಯೇ ಹೊತ್ತು ತಂದರು. ಊರಿನವರು ಹಂಚಿನ ಮೇಲೆ ಸಗಣಿಯಿಂದ ಮಳೆದೇವರಾದ ಗುರ್ಜಿ ಮಾಡಿ, ಗರಿಕೆ ಚುಚ್ಚಿ, ಒಬ್ಬರ ತಲೆಯ ಮೇಲೆ ಹೊರಿಸಿ ಮನೆಮನೆಗೆ ತಂದರು. ಗುರ್ಜಿ ಬಾಗಿಲಿಗೆ ಬಂದರೆ ಅದನ್ನು ಹೊತ್ತವರ ತಲೆ ತೋಯುವಂತೆ ನೀರು ಹೊಯ್ಯಬೇಕು, ಹಾಗೆಯೇ ಮೇಲಿನಿಂದ ಮಳೆ ಹೊಯ್ಯಲಿ ಎಂದು. ಗುರ್ಜಿಗೆಂದು ಸಿಹಿನೀರು ಕೇಳಿದಾಗ ದುಂಡವ್ವ ಕೊಡಲಿಲ್ಲ. ಬಾವಿಯ ನೀರು ಹೊಯ್ಯಿರಿ, ದೇವರಿಗೆ ನಮ್ಮ ಕಷ್ಟದ ರುಚಿಯೂ ತಿಳಿಯಲಿ ಎಂದಳಂತೆ. ಹೊಯ್ದರು. ಮಳೆ ಬರಲಿಲ್ಲ. ಸವಳು ಹೊಯ್ದದ್ದಕ್ಕೇ ಮೋಡ ಮುನಿಸಿಕೊಂಡವು ಎಂದು ಕೆಲವರು ಗೊಣಗಿದರು. ಬಡಿಗೆಯ ಎದುರಿಗೆ ಯಾರೂ ಗೊಣಗಲಿಲ್ಲ.

ಅದೇ ಹೊತ್ತಿಗೆ ಬಾಳವ್ವ ಬಸುರಿ.

ಬಾಳವ್ವನನ್ನು ಕೊಟ್ಟದ್ದು ಹಳ್ಳದಾಚೆಯ ಹೊಸಹಾಳಕ್ಕೆ. ಹೊತ್ತು ಏರುವ ಮುಂಚೆ ಇಲ್ಲಿಂದ ಹೊರಟರೆ ರೊಟ್ಟಿ ಉಣ್ಣುವ ಹೊತ್ತಿಗೆ ಅಲ್ಲಿ. ಆ ಊರಿನವರಿಗೆ ಹಳ್ಳ ಇತ್ತು. ಹಳ್ಳ ಬತ್ತಿದರೂ ಉಸುಕಿನಲ್ಲಿ ಮೊಳಕಾಲುದ್ದ ತೋಡಿದರೆ ಒರತೆ ಜಿನುಗುತ್ತಿತ್ತು. ಸಿಹಿ ಒರತೆ. ದನಕ್ಕೂ ಅದೇ, ಜನಕ್ಕೂ ಅದೇ.

ಬಾಳವ್ವನ ಅತ್ತೆ ಒಳ್ಳೆಯ ಹೆಂಗಸು. ದುಂಡವ್ವ ಸೀಮಂತದ ಕುಬಸ ಮಾಡಿ ಮಗಳನ್ನು ಕರೆದೊಯ್ಯಲು ಹೋದಾಗ ಅವಳು ನೇರವಾಗಿಯೇ ಹೇಳಿದಳಂತೆ.

"ಬೀಗತಿ, ಈ ಸಲ ಬಾಣಂತನ ಇಲ್ಲೇ ಆಗಲಿ. ನಿಮ್ಮ ಊರಾಗ ಕುಡ್ಯಾಕ ಇಲ್ಲ, ಬಾಣ್ತಿ ಕೂಸಿಗೆ ಎಲ್ಲಿಂದ ಎರೀತಿ?"

ದುಂಡವ್ವ ಒಪ್ಪಲಿಲ್ಲ. ಚೊಚ್ಚಲು ಬಾಣಂತನ ತವರಿನದು. ಗಂಡನ ಮನೆಯಲ್ಲಿ ಚೊಚ್ಚಲು ಹೆತ್ತವಳಿಗೆ ತವರೇ ಇಲ್ಲ ಅಂತ ಜನ ತಿಳಿಯುತ್ತಿದ್ದ ಕಾಲ ಅದು. ತಂದೆ ಇಲ್ಲದ ಮಗಳು. ಊರಿಗೆ ನೀರು ಹಂಚುವವಳು ಮಗಳ ಬಾಣಂತನಕ್ಕೆ ಹೆದರಿದಳು ಅನ್ನಿಸಿಕೊಳ್ಳಬೇಕೆ? ಬಾಳವ್ವನಿಗೂ ತವರಿಗೆ ಬರುವ ಆಸೆ. ನಗುತ್ತಲೇ ಹಳ್ಳ ದಾಟಿ ಬಂದಳಂತೆ. ನೀರಿದ್ದ ಊರಿನಿಂದ ನೀರಿಲ್ಲದ ಊರಿಗೆ ದುಂಡವ್ವ ತಾನೇ ಕೈ ಹಿಡಿದು ಮಗಳನ್ನು ಕರೆತಂದಳು.

ಹೆಣ್ಣು ಕೂಸು ಹುಟ್ಟಿತು. ಒಲೆ ಮಾತ್ರ ಒಂದೇ.

ಬಾಣಂತಿಯ ಮನೆಗೆ ಎಷ್ಟು ನೀರು ಬೇಕು ಎಂದು ಹೆತ್ತವರಿಗೆ ಗೊತ್ತು. ತಾಯಿಗೆ ಎರೆಯಬೇಕು, ಕೂಸಿಗೆ ಎರೆಯಬೇಕು, ಅರಿವೆ ಒಗೆಯಬೇಕು, ಕಾಸಿದ ನೀರು ಮೇಲಿಂದ ಮೇಲೆ ಕುಡಿಸಬೇಕು. ಬರುವುದು ಒಂದು ಕೊಡ. ದುಂಡವ್ವ ಆ ಕೊಡದಲ್ಲಿ ತನ್ನ ಪಾಲಿನ ಒಂದು ತಂಬಿಗೆಯನ್ನೂ ಮುಟ್ಟಲಿಲ್ಲ. ತಾನು ಬಾವಿಯ ಸವಳು ಕುಡಿದಳು. ತುಟಿ ಒಡೆದವು, ಕಾಲು ಬಾತವು. ಆದರೂ ಸಾಲಲಿಲ್ಲ. ಎರೆಯುವುದಕ್ಕೆ ಸವಳನ್ನೇ ಕಾಸಿದಳು. ಕೂಸಿನ ಮೈ ತುಂಬ ಕೆಂಪು ಗುಳ್ಳೆ ಎದ್ದವು. ಎರೆದಾಗಲೆಲ್ಲ ಅದು ಅಳುವುದು ಹೊಂಡದ ತನಕ ಕೇಳುತ್ತಿತ್ತಂತೆ.

ಕೊಡ ಹಿಡಿದು ಬಂದ ಹೆಂಗಸರಿಗೆ ಆ ಅಳು ಕೇಳಿ ತಡೆಯಲಾಗಲಿಲ್ಲ.

"ಯಕ್ಕಾ, ನಿನ್ನ ಮನಿಗೆ ಇನ್ನೊಂದು ಕೊಡ ಒಯ್ಯಿ. ನಾವ್ಯಾರೂ ಕಣ್ಣು ಬಿಟ್ಟು ನೋಡೂದಿಲ್ಲ" ಎಂದರು.

ಗೌಡಸಾನಿಯೂ ಹೇಳಿಕಳಿಸಿದಳು, ಒಂದು ದಿನ ನಮ್ಮ ಮನೆಯ ಕೊಡ ಒಯ್ಯಲಿ, ನಮ್ಮದು ನಡೆಯುತ್ತದೆ ಎಂದು. ಹಂಡೆ ತಿರುಗಿಸಿ ಕಳಿಸಿದ ಸಿಟ್ಟು ಅಷ್ಟರಲ್ಲಿ ಆರಿತ್ತು.

ದುಂಡವ್ವ ಯಾವುದನ್ನೂ ತೆಗೆದುಕೊಳ್ಳಲಿಲ್ಲ. "ಇವತ್ತ ನಾ ಎರಡು ಒಯ್ದರ ನಾಳಿ ಯಾವ ಮಾರಿ ಹೊತ್ತು ಬಡಿಗಿ ಹಿಡೀಲಿ? ಆ ಅಣ್ಣತಮ್ಮರಿಗೆ ಏನ್ ಹೇಳ್ಲಿ? ಎಲ್ಲಾರ ಮನ್ಯಾಗೂ ಒಂದೊಂದು ನೆವ ಐತಿ. ಒಂದು ನೆವ ಒಳಗ ಬಿಟ್ಟರ ಉಳಿದಾವೂ ಅದರ ಬೆನ್ನು ಹತ್ತಿ ಬರತಾವು" ಎಂದಳಂತೆ. ಅಷ್ಟು ಮಾತು ಅವಳು ಒಂದೇ ಸಲ ಆಡಿದ್ದು ಅದೇ ಮೊದಲು ಅನ್ನುತ್ತಾರೆ.

ಬಾಳವ್ವ ಕೆಲವು ದಿನ ಸಹಿಸಿದಳು. ಒಂದು ದಿನ ಗುಳ್ಳೆಗೆ ಎಣ್ಣೆ ಸವರುತ್ತ ತಾಯಿಗೆ ಹೇಳಿದಳಂತೆ:

"ಯವ್ವಾ, ನನ್ನ ಗಂಡನ ಮನ್ಯಾಗ ಎಮ್ಮಿ ಮೈ ತೊಳೆಯೂ ನೀರು ಇದಕ್ಕಿಂತ ಸಿಹಿ ಇರತಿತ್ತು."

ದುಂಡವ್ವ ಬಡಿಗೆ ತೆಗೆದುಕೊಂಡು ಹೊಂಡಕ್ಕೆ ಹೋದಳು.

ನಾಗರ ಪಂಚಮಿ ಹತ್ತಿರ ಬಂದಿತ್ತು. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಕಟ್ಟುವ ದಿನಗಳು. ಬರದಲ್ಲಿಯೂ ಕಟ್ಟೆಯ ಹತ್ತಿರ ಯಾರೋ ಹಗ್ಗ ಬಿಗಿದಿದ್ದರು. ಒಂದು ಬೆಳಗ್ಗೆ ದುಂಡವ್ವ ಹಂಚುತ್ತಿದ್ದಾಗ ಸಾಲಿನ ಕೊನೆಯಲ್ಲಿ ಬಾಳವ್ವ ಬಂದು ನಿಂತಳು. ಕೂಸನ್ನು ಸೆರಗಿನಲ್ಲಿ ಎದೆಗೆ ಕಟ್ಟಿಕೊಂಡಿದ್ದಳು. ಸೊಂಟದ ಮೇಲೆ ಕೊಡ. ಮುಂದಿದ್ದವರೆಲ್ಲ ಸರಿದು ದಾರಿ ಬಿಟ್ಟರು. ಬಾಳವ್ವ ಮೆಟ್ಟಿಲು ಇಳಿದು ಕೊಡ ತುಂಬಿ ಮೇಲೆ ಬಂದಳು. ತಾಯಿಯ ಮುಂದೆ ನಿಂತಳು. ಬಡಿಗೆ ತಾಗಿಸಿದರೆ ಕೊಡ ಅವಳದು.

ಊರಿನ ಹೆಂಗಸರೆಲ್ಲ ನಿಂತಿದ್ದರು. ತಾಗಿಸಲಿ ಎಂದೇ ಎಲ್ಲರೂ ದೇವರನ್ನು ನೆನೆದರಂತೆ. ಅವತ್ತು ಅವಳು ತಾಗಿಸಿದ್ದರೆ ಊರಿನಲ್ಲಿ ಒಬ್ಬರೂ ತಪ್ಪು ಅನ್ನುತ್ತಿರಲಿಲ್ಲ ಎಂದು ಅತ್ತೆಯವರು ಹೇಳುತ್ತಿದ್ದರು.

ದುಂಡವ್ವ ಬಡಿಗೆಯನ್ನು ಅಡ್ಡ ಹಿಡಿದಳು.

"ಈ ಒಲಿ ಕೊಡ ನಸುಕಿನಾಗ ಹೋಗೇತಿ" ಎಂದಳು.

ಬಾಳವ್ವ ಅಳಲಿಲ್ಲ, ಬೈಯಲಿಲ್ಲ. ತಿರುಗಿ ಮೆಟ್ಟಿಲು ಇಳಿದು ಹೋಗಿ, ಒಂದು ಹನಿಯೂ ಕಲ್ಲಿನ ಮೇಲೆ ಚೆಲ್ಲದ ಹಾಗೆ ಕೊಡದ ನೀರನ್ನು ಹೊಂಡಕ್ಕೇ ಬಗ್ಗಿಸಿದಳು. ಖಾಲಿ ಕೊಡವನ್ನು ಮೆಟ್ಟಿಲ ಮೇಲೆ ಬೋರಲು ಇಟ್ಟಳು. ಮೇಲೆ ಬಂದು, ಕಟ್ಟೆ ದಾಟಿ, ಜೋಕಾಲಿಯ ಪಕ್ಕದಿಂದ ಹಾಯ್ದು, ಹೊಸಹಾಳದ ದಾರಿ ಹಿಡಿದಳು. ಹಸಿ ಬಾಣಂತಿ, ಕಾಲಲ್ಲಿ ಚಪ್ಪಲಿ ಇಲ್ಲ, ಬಾಯಿ ಬಿಟ್ಟ ಎರೆಭೂಮಿ. ಇಬ್ಬರು ಹೆಂಗಸರು ಹಿಂದೆ ಓಡಿದರು. ಅವಳು ನಿಲ್ಲಲಿಲ್ಲ. ಹಳ್ಳದ ತನಕ ಅವಳ ಜೊತೆ ನಡೆದು, ಆಚೆ ದಡ ಹತ್ತಿದ್ದನ್ನು ನೋಡಿ ತಿರುಗಿ ಬಂದರು.

ದುಂಡವ್ವ ಉಳಿದ ಕೊಡಗಳಿಗೆ ಬಡಿಗೆ ತಾಗಿಸಿ ಮುಗಿಸಿದಳು. ಕೊನೆಯ ಕೊಡ ಹೋದ ಮೇಲೆ ಮೆಟ್ಟಿಲು ಇಳಿದು, ಮಗಳು ಬೋರಲಿಟ್ಟ ಕೊಡದ ಪಕ್ಕ ಕೂತಳು. ಹೊತ್ತು ಇಳಿಯುವ ತನಕ ಕೂತಿದ್ದಳಂತೆ.

ಮಳೆ ಯಾವಾಗ ಬಂತು ಎಂಬಲ್ಲಿ ಮಾತು ಒಡೆಯುತ್ತದೆ. ಬಾಳವ್ವ ಹಳ್ಳ ದಾಟಿ ಕಾಲು ಎತ್ತಿದ ಕೂಡಲೇ ಹಿಂದೆ ನೆರೆ ಬಂತು ಎಂದು ನಮ್ಮ ಊರಿನ ಮುದುಕಿಯರು ಹೇಳುತ್ತಾರೆ. ಕೇಳುವುದಕ್ಕೆ ಚೆಂದ. ಆದರೆ ಹೊಸಹಾಳದವರು ಹೇಳುವುದು ಬೇರೆ. ಮಗಿ ಮಳೆಯೂ ಬರಲಿಲ್ಲ, ಹುಬ್ಬಿಯೂ ಬರಲಿಲ್ಲ, ಉತ್ತರಿ ಮಳೆ ಬಂತು, ಅಲ್ಲಿಯ ತನಕ ತಿಂಗಳ ಮೇಲೆ ಒಣಗಿಯೇ ಇತ್ತು ಎಂದು. ಅದೇ ಸರಿ ಇರಬೇಕು. ೧೯೬೬ರಲ್ಲಿಯೂ ನಮಗೆ ಉತ್ತರಿಯೇ ಬಂದದ್ದು, ಡೈರಿಯಲ್ಲಿದೆ.

ಉತ್ತರಿಯ ತನಕ ಹೊಂಡದ ನೀರು ಸಾಕಾಯಿತು. ಕೊನೆಕೊನೆಗೆ ತಂಬಿಗೆಯಿಂದ ಗೋರಿ ಕೊಡ ತುಂಬುತ್ತಿದ್ದರು, ಆದರೂ ಒಲೆಗೊಂದು ಕೊಡ ತಪ್ಪಲಿಲ್ಲ. ಸುತ್ತಲಿನ ಊರುಗಳಲ್ಲಿ ಬಾಗಿಲಿಗೆ ಮುಳ್ಳು ಬಡಿದು ಜನ ಗುಳೆ ಹೋದರು. ಈ ಊರಿನಿಂದ ಯಾರೂ ಹೋಗಲಿಲ್ಲ.

ಆಮೇಲೆ ಕೆಲವು ವರ್ಷಗಳಿಗೆ ಮತ್ತೆ ಮಳೆ ತಪ್ಪಿತು, ಮತ್ತೆ ಮೆಟ್ಟಿಲು ಕಂಡಿತು. ದುಂಡವ್ವ ಬಡಿಗೆ ತೆಗೆದಳು. ಆಗ ಸಾಲಿನಲ್ಲಿ ಒಬ್ಬಳ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಳು. ಅವಳು ತನ್ನ ಒಂದು ಕೊಡ ಎತ್ತಿ ಹೊರಟಾಗ ದುಂಡವ್ವ ಬಡಿಗೆಯಿಂದ ತಡೆದಳು.

"ಇನ್ನೊಂದು ಕೊಡ ಎಲ್ಲಿ?" ಎಂದಳು.

ಅವಳಿಗೆ ಅರ್ಥವಾಗಲಿಲ್ಲ.

"ಮಗಳು ಬಂದಾಳಲ್ಲ. ಮಗಳ ಕೊಡ ಎಲ್ಲಿ? ಹೋಗಿ ತಗೊಂಡು ಬಾ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಧೈರ್ಯ ಮಾಡಿ, "ಈ ಮಾತು ಅವತ್ತು ಯಾಕ ಬರಲಿಲ್ಲ ಯಕ್ಕಾ?" ಎಂದು ಕೇಳಿದಳಂತೆ.

"ಅವತ್ತು ಬಂದಿದ್ದ ಮಗಳು ನನ್ನಾಕಿ" ಎಂದಳಂತೆ ದುಂಡವ್ವ.

ಅವತ್ತಿನಿಂದ ಅದೇ ಕಟ್ಟಳೆ. ಬರದ ವರ್ಷ ಒಲೆಗೊಂದು ಕೊಡ, ಬಾಣಂತನಕ್ಕೆ ಮಗಳು ಬಂದ ಒಲೆಗೆ ಎರಡು. ಎರಡನೆಯದಕ್ಕೆ ಮಗಳ ಕೊಡ ಎಂದೇ ಹೆಸರು. ಈಗ ನಳ ಬಂದಿದೆ, ಆದರೆ ಕುಡಿಯುವುದಕ್ಕೆ, ಬೇಳೆಗೆ ಈಗಲೂ ಹೊಂಡದ ನೀರೇ. ಮಳೆ ತಪ್ಪಿದರೆ ಊರಿನ ಹಿರಿಯ ಹೆಂಗಸು ಬಡಿಗೆ ಹಿಡಿಯುತ್ತಾಳೆ. ಅತ್ತೆಯವರು ಹೋದ ಮೇಲೆ ಆ ಬಡಿಗೆ ನನ್ನ ಕೈಗೆ ಬಂದಿದೆ. ಅದು ಬಿದಿರಿನದೇ. ಅದು ಬೇವಾದದ್ದು ಹೇಗೆ, ನನ್ನ ಮನೆಯ ಮೂಲೆಯಲ್ಲಿರುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ.

ಇನ್ನೂ ಒಂದು ಪದ್ಧತಿ ಇದೆ. ಹೊಂಡ ತುಂಬಿದ ವರ್ಷ ಮೊದಲ ಕೊಡವನ್ನು ಯಾರೂ ಮನೆಗೆ ಒಯ್ಯುವುದಿಲ್ಲ. ಅರಿವೆ ಕಟ್ಟಿ ಸೋಸಿ, ಅರಿಸಿನ ಕುಂಕುಮ ಹಚ್ಚಿ, ಊರಿನ ಸೊಸೆಯಂದಿರು ಅದನ್ನು ಹೊತ್ತು ಹೊಸಹಾಳಕ್ಕೆ ಹೋಗುತ್ತಾರೆ, ಬಾಳವ್ವನ ವಂಶದವರ ಮನೆಗೆ. ೧೯೬೬ರಲ್ಲಿ ಹೊಂಡ ತುಂಬಿದಾಗ ನಾನೂ ಹೋಗಿದ್ದೆ. ಸರದಿಯಲ್ಲಿ ನನ್ನ ತಲೆಗೂ ಕೊಡ ಬಂತು. ಎರೆಮಣ್ಣು ಕಾಲು ಬಿಡುತ್ತಿರಲಿಲ್ಲ. ಸೊಸೆಯಂದಿರೆಲ್ಲ ನನ್ನ ನಡಿಗೆ ನೋಡಿ, "ನಮ್ಮ ಬಿ.ಎ. ವೈನಿ ಕೊಡ ಹೊತ್ತಾಳೋ, ಕೊಡ ಆಕಿನ್ನ ಹೊತ್ತೈತೋ" ಎಂದು ನಕ್ಕದ್ದು ನೆನಪಿದೆ. ಅವರಲ್ಲಿ ಅರ್ಧ ಜನ ಈಗಿಲ್ಲ. ಹಳ್ಳ ದಾಟುವಾಗ ಸೀರೆ ಎತ್ತಿ ಕಟ್ಟಿ, ಒಬ್ಬರ ಕೈ ಒಬ್ಬರು ಹಿಡಿದದ್ದು, ನೆನೆದ ಎರೆಹೊಲದ ವಾಸನೆ, ಎಲ್ಲ ನಿನ್ನೆ ಆದ ಹಾಗಿದೆ.

ಹೊಸಹಾಳದ ಮನೆಯಲ್ಲಿ ಕಾಲಿಗೆ ನೀರು ಕೊಟ್ಟರು, ಒಳಗೆ ಕರೆದು ಕೂರಿಸಿದರು, ಮಜ್ಜಿಗೆ ಕೊಟ್ಟರು, ಉಡಿ ತುಂಬಿದರು. ನಾವು ತಂದ ಕೊಡವನ್ನು ಎರಡೂ ಕೈಯಿಂದ ಇಳಿಸಿಕೊಂಡರು. ಆಮೇಲೆ ಮನೆಯ ಹಿರಿಯಳು ಅದನ್ನು ಹಿತ್ತಲಿಗೆ ಒಯ್ದು, ನಮ್ಮ ಎದುರಿಗೇ, ಎಮ್ಮೆ ನೀರು ಕುಡಿಯುವ ಬಾನಿಗೆ ಸುರಿದಳು. ಎಮ್ಮೆ ಕುಡಿಯಿತು. ಪ್ರತಿ ಸಲವೂ ಹಾಗೆಯೇ ಮಾಡುತ್ತಾರೆ. ನಮ್ಮವರು ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಖಾಲಿ ಕೊಡದಲ್ಲಿ ಒಂದು ಹಿಡಿ ಜೋಳ ಹಾಕಿ ತಿರುಗಿ ಕೊಡುತ್ತಾರೆ.

ನಮ್ಮ ಊರಿನ ಕಥೆಯಲ್ಲಿ ಕೊನೆಗೆ ತಾಯಿ ಮಗಳು ಒಂದಾಗುತ್ತಾರೆ. ದುಂಡವ್ವ ಸಾಯುವ ಹೊತ್ತಿಗೆ ಬಾಳವ್ವ ಹಳ್ಳದ ನೀರು ಹೊತ್ತು ಓಡಿ ಬಂದಳು, ತಾಯಿಯ ಬಾಯಿಗೆ ಬಿಟ್ಟು ಉಳಿದದ್ದನ್ನು ಹೊಂಡಕ್ಕೆ ಸುರಿದಳು, ಅದಕ್ಕೇ ಹೊಂಡ ಬತ್ತುವುದಿಲ್ಲ ಎಂದು. ಅದು ನಿಜವೇ ಎಂದು ನಾನು ಅವತ್ತು ಆ ಹಿರಿಯಳನ್ನು ಕೇಳಿದೆ. ಅವಳು ಎಮ್ಮೆಯ ಬೆನ್ನು ಸವರಿದಳು.

"ಇಲ್ಲವಾ. ಸುದ್ದಿ ಮುಟ್ಟಿತ್ತು. ಆಕಿ ಹೋಗಲಿಲ್ಲ. ಆದ್ರ ಮಳಿ ಬಂದಾಗೆಲ್ಲಾ ಹಿತ್ತಲಕ್ಕ ಬಂದು ನಿಮ್ಮ ಊರ ಕಡೆ ಮಾರಿ ಮಾಡಿ ತೊಯ್ಕೋತ ನಿಲ್ತಿದ್ಲಂತ. ಅಷ್ಟ ಗೊತ್ತು ನಮಗ" ಎಂದಳು.

ಎರಡೂ ಊರಿನ ಮಾತು ಕೂಡಿಸಿದರೆ ನನಗೆ ಸಿಕ್ಕದ್ದು ಇದು. ಆ ಬರದಲ್ಲಿ ನಮ್ಮ ಊರಿನ ಒಂದು ಒಲೆಯೂ ಆರಲಿಲ್ಲ. ಕೂಸು ಬದುಕಿತು, ಹೊಸಹಾಳದ ಒರತೆಯ ನೀರಿನಲ್ಲಿ ಅದರ ಗುಳ್ಳೆ ಮಾಯ್ದವು, ಈಗಿನವರು ಅವಳ ವಂಶ. ಬಾಳವ್ವ ಮುಂದೆ ಹೆತ್ತ ಮಕ್ಕಳನ್ನೆಲ್ಲ ಅಲ್ಲಿಯೇ ಹೆತ್ತಳು, ಒಂದು ಪಂಚಮಿಗೂ ತವರಿಗೆ ಬರಲಿಲ್ಲ. ದುಂಡವ್ವ ತಾನಿದ್ದಷ್ಟು ವರ್ಷ ಪಂಚಮಿಗೆ ಉಂಡಿ ಕಟ್ಟಿ ಜೋಕಾಲಿ ಹಾಕಿಸಿದಳು. ಮಗಳನ್ನಾಗಲಿ ಮೊಮ್ಮಗಳನ್ನಾಗಲಿ ಮತ್ತೆ ನೋಡಲಿಲ್ಲ. ಸಾಯುವಾಗ ಅವಳ ಬಾಯಿಗೆ ನೀರು ಬಿಟ್ಟವಳು ಗೌಡಸಾನಿ.